15 ಜನ, ಮೂವರ ತಂಡ, 7 ಭಾನುವಾರ: ಇಲ್ಲಿ ಸಮಾಂತರ ಎಲ್ಲಿಂದ ಬಂತು?

ಮೇಡಂ, ನೀವು ಕೇಳಿದ್ದು ಎರಡು. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಆಟಕ್ಕೆ ಸೇರುವ 15 ಜನರನ್ನು ಮೂವರ ಐದು ತಂಡ ಮಾಡಿ, 7 ವಾರದಲ್ಲಿ ಯಾವ ಇಬ್ಬರೂ ಸರಿಯಾಗಿ ಒಂದೇ ಸಲ ಜೊತೆಯಾಗುವುದು ಹೇಗೆ? ಮತ್ತೆ, ಪ್ರೊಜೆಕ್ಟಿವ್ ಜ್ಯಾಮಿತಿಯಲ್ಲಿ (ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವುದನ್ನೇ ನಿಯಮ ಮಾಡಿಕೊಂಡ ಜ್ಯಾಮಿತಿ) ಸಮಾಂತರ ಗೆರೆಗಳೇ ಇಲ್ಲ ಅಂತಾರೆ, ಆದರೂ ಈ ಪಟ್ಟಿಗೆ ಅದರ ಸಮಾಂತರವನ್ನೇ ಬಳಸಿ ಎಂದು ಒಬ್ಬರು ನಿಮಗೆ ಹೇಳಿದ್ದಾರಲ್ಲ?

ಮೊದಲು ಪಟ್ಟಿ. ಒಬ್ಬರಿಗೆ 'ಮ' ಅನ್ನಿ. 7 ಜನಕ್ಕೆ ಕೆಂಪು ಚೀಟಿ, 7 ಜನಕ್ಕೆ ನೀಲಿ ಚೀಟಿ, ಎರಡರಲ್ಲೂ 0ರಿಂದ 6ರವರೆಗೆ ನಂಬರ್ ಬರೆಯಿರಿ. ಮೊದಲ ವಾರದ ತಂಡಗಳು ಇವು:

ಮ, ಕೆ0, ನೀ0
ಕೆ1, ಕೆ2, ಕೆ4
ಕೆ5, ನೀ2, ನೀ3
ಕೆ3, ನೀ4, ನೀ6
ಕೆ6, ನೀ1, ನೀ5

ಮುಂದಿನ ವಾರ ಎಲ್ಲ ನಂಬರಿಗೂ 1 ಕೂಡಿಸಿ, 6 ಇದ್ದರೆ 0 ಆಗುತ್ತದೆ, 'ಮ' ಹಾಗೇ ಇರಲಿ. ಹೀಗೇ 7 ವಾರ. ನಂಬಿಕೆ ಬರದಿದ್ದರೆ ಮೊದಲ ವಾರದ ಪ್ರತಿ ಕೆಂಪು-ನೀಲಿ ಜೋಡಿಯಲ್ಲಿ ನೀಲಿಯಿಂದ ಕೆಂಪು ಕಳೆಯಿರಿ (ಸೊನ್ನೆಗಿಂತ ಕಡಿಮೆ ಬಂದರೆ 7 ಕೂಡಿಸಿ), 0ರಿಂದ 6ರವರೆಗೆ ಎಲ್ಲವೂ ಒಂದೊಂದೇ ಸಲ ಸಿಗುತ್ತವೆ, ಅದಕ್ಕೇ ಯಾವ ಕೆಂಪು-ನೀಲಿ ಜೋಡಿಯೂ ಮರುಕಳಿಸುವುದಿಲ್ಲ. ಒಂದೇ ಬಣ್ಣದ ಜೋಡಿಗಳನ್ನೂ ಹೀಗೇ ಕಳೆದು ನೋಡಬಹುದು. ಸುಮ್ನೆ ಕೈಯಲ್ಲಿ ಜೋಡಿಸಲು ಹೋದರೆ ಕೊನೆಯ ವಾರಗಳಲ್ಲಿ ಸಿಕ್ಕಿಬೀಳಬಹುದು.

ಇದು ಹಳೆಯ ಒಗಟು, ಇಂಗ್ಲೆಂಡಿನ ಗಣಿತಜ್ಞ ಕರ್ಕ್‌ಮನ್ 1850ರಲ್ಲಿ 15 ಶಾಲಾ ಹುಡುಗಿಯರ ಲೆಕ್ಕವಾಗಿ ಕೇಳಿದ್ದು.

ಈಗ ಸಮಾಂತರ. ಪ್ರೊಜೆಕ್ಟಿವ್ ಸಮತಲದಲ್ಲಿ ಯಾವ ಎರಡು ಗೆರೆಯೂ ಕೂಡಿಯೇ ಕೂಡುತ್ತವೆ, ಅದು ನಿಜ. ಆದರೆ ಮೂರು ಆಯಾಮಕ್ಕೆ ಹೋದರೆ ಒಂದೇ ಸಮತಲದಲ್ಲಿಲ್ಲದ ಗೆರೆಗಳು ಕೂಡುವುದಿಲ್ಲ. ಅಲ್ಲಿ ಎಣಿಸಬಹುದಾದಷ್ಟೇ ಬಿಂದುಗಳಿರುವ ಜಾಗಗಳೂ ಇವೆ, ಅವುಗಳಲ್ಲಿ ಅತಿ ಚಿಕ್ಕದರಲ್ಲಿ 15 ಬಿಂದು, 35 ಗೆರೆ, ಗೆರೆಗೆ 3 ಬಿಂದು. ಬಿಂದು ಅಂದ್ರೆ ನಿಮ್ಮ ಜನ, ಗೆರೆ ಅಂದ್ರೆ ತಂಡ. ಒಂದನ್ನೊಂದು ಮುಟ್ಟದ 5 ಗೆರೆ ಸೇರಿ 15 ಬಿಂದುವನ್ನೂ ಮುಚ್ಚಿದರೆ ಅದಕ್ಕೆ ಸ್ಪ್ರೆಡ್ ಎನ್ನುತ್ತಾರೆ, ಅದೇ ನಿಮ್ಮ ಒಂದು ಭಾನುವಾರ. 35 ಗೆರೆಗಳನ್ನೂ 7 ಸ್ಪ್ರೆಡ್‌ಗಳಾಗಿ ಪಾಲು ಮಾಡುವುದೇ ಇಲ್ಲಿ ಸಮಾಂತರ. ಯಾಕೆ ಆ ಹೆಸರು ಅಂದ್ರೆ, ಒಂದು ಗೆರೆ, ಅದರ ಹೊರಗೊಂದು ಬಿಂದು ಕೊಟ್ಟರೆ ಆ ಬಿಂದುವಿನ ಮೂಲಕ ಅದೇ ಪಾಲಿನ ಗೆರೆ ಒಂದೇ ಒಂದು ಸಿಗುತ್ತದೆ. ಶಾಲೆಯಲ್ಲಿ ಕಲಿತ ಸಮಾಂತರದ ನಿಯಮವೂ ಇದೇ ಅಲ್ವಾ? ಇಂಥ ಸ್ಪ್ರೆಡ್‌ಗಳು ಒಟ್ಟು 56, ಪೂರ್ತಿ ಪಾಲುಗಳು 240, ಮೇಲಿನ 7 ವಾರದ ಪಟ್ಟಿ ಅದರಲ್ಲೊಂದು.

ಗುಂಪು ದೊಡ್ಡದಾದರೆ ಮುಂದಿನ ಜಾಗ 40 ಜನರದ್ದು. ನಾಲ್ವರ 10 ತಂಡ, 13 ವಾರ. ಅದೂ ಸಾಧ್ಯ, ಆದರೆ ಪಾರ್ಕಿನಲ್ಲಿ 40 ಜನರನ್ನು 13 ವಾರ ಸೇರಿಸುವುದು ಜ್ಯಾಮಿತಿಗಿಂತ ಕಷ್ಟ.

ಒಂದು ಭಾನುವಾರ ಯಾರಾದರೂ ಬರದಿದ್ದರೆ ಆ ತಂಡ ಇಬ್ಬರಲ್ಲೇ ಆಡಲಿ, ಪಟ್ಟಿ ಮಾತ್ರ ಅದಲು ಬದಲು ಮಾಡಬೇಡಿ.