ಓದುಗರ ಪ್ರಶ್ನೆ: ಸಿಮ್ ಕಾರ್ಡ್ ಇರಲೋ, ಇ-ಸಿಮ್‌ಗೆ ಹೋಗಲೋ?

ಈ ಬಾರಿ ಬಂದ ಪತ್ರಗಳಲ್ಲಿ ಇ-ಸಿಮ್ ಕುರಿತ ಪ್ರಶ್ನೆಗಳೇ ಹೆಚ್ಚಾಗಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಾವು ಗಂಡ-ಹೆಂಡತಿ ಇಬ್ಬರೇ ಸಾಗರದ ಹತ್ತಿರದ ಹಳ್ಳಿಯಲ್ಲಿದ್ದೇವೆ. ಬೆಂಗಳೂರಿನಲ್ಲಿರುವ ಮಗ ಹೊಸ ಫೋನ್ ಕಳಿಸಿದ್ದಾನೆ. ಕಾರ್ಡಿನ ಗೊಡವೆಯೇ ಬೇಡ, ಇ-ಸಿಮ್ ಮಾಡಿಸಿಬಿಡೋಣ ಎನ್ನುತ್ತಾನೆ. ಇ-ಸಿಮ್ ಎಂದರೇನು? ಅದರಿಂದ ಸಿಗ್ನಲ್ ಚೆನ್ನಾಗಿ ಬರುತ್ತದೆಯೇ? ನಮ್ಮಂಥವರು ಯಾವುದನ್ನು ಇಟ್ಟುಕೊಳ್ಳಬೇಕು?

ಉತ್ತರ: ಸಿಗ್ನಲ್ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಮಲೆನಾಡಿನಿಂದ ಬರೆಯುವ ಬಹುತೇಕರು ಇದನ್ನೇ ಕೇಳುತ್ತಾರೆ. ಇ-ಸಿಮ್ ಹಾಕಿಸಿದ ಮಾತ್ರಕ್ಕೆ ಸಿಗ್ನಲ್ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಸಿಗ್ನಲ್ ಹಿಡಿಯುವುದು ಫೋನಿನ ಆ್ಯಂಟೆನಾ, ಕೊಡುವುದು ಟವರ್. ನಡುವೆ ಗುಡ್ಡವಿದ್ದರೆ ಯಾವ ಸಿಮ್ ಆದರೂ ಒಂದೇ.

ಸಿಮ್ ಕಾರ್ಡ್ ಎಂದು ನಾವು ಕರೆಯುವ ಪ್ಲಾಸ್ಟಿಕ್ ತುಂಡಿನಲ್ಲಿ ಕೆಲಸ ಮಾಡುವುದು ಅದರ ಮೇಲಿನ ಹೊಂಬಣ್ಣದ ಚಿಪ್ ಮಾತ್ರ. ಅದರೊಳಗೆ ನಿಮ್ಮನ್ನು ಗುರುತಿಸುವ ಒಂದು ಸಂಖ್ಯೆ ಮತ್ತು ಒಂದು ರಹಸ್ಯ ಕೀಲಿ ಇರುತ್ತವೆ. ನೀವು ಫೋನ್ ಆನ್ ಮಾಡಿದಾಗ ಕಂಪನಿಯ ಜಾಲ ಒಂದು ಲೆಕ್ಕವನ್ನು ಕೊಡುತ್ತದೆ. ಚಿಪ್ ತನ್ನ ಕೀಲಿಯನ್ನು ಹೊರಗೆ ಬಿಟ್ಟುಕೊಡದೆ, ಅದನ್ನು ಬಳಸಿ ಉತ್ತರವನ್ನಷ್ಟೇ ಕಳಿಸುತ್ತದೆ. ಉತ್ತರ ಸರಿಯಿದ್ದರೆ ನಿಮ್ಮ ನಂಬರಿಗೆ ಬಾಗಿಲು ತೆರೆಯುತ್ತದೆ. 1991ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಗೀಸೆಕೆ ಆ್ಯಂಡ್ ಡೆವ್ರಿಯೆಂಟ್ ಎಂಬ ಕಂಪನಿ ಫಿನ್‌ಲೆಂಡಿನ ರೇಡಿಯೋಲಿನ್ಯಾ ಸಂಸ್ಥೆಗಾಗಿ ಮೊದಲ ಸಿಮ್‌ಗಳನ್ನು ಮಾಡಿಕೊಟ್ಟಾಗ ಆ ಕಾರ್ಡು ಇಂದಿನ ಎಟಿಎಂ ಕಾರ್ಡಿನಷ್ಟು ದೊಡ್ಡದಿತ್ತು. ಕಿರಿದಾಗುತ್ತ ಕಿರಿದಾಗುತ್ತ ಈಗಿನ ನ್ಯಾನೋ ಸಿಮ್ 12.3 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲಕ್ಕೆ ಬಂದು ನಿಂತಿದೆ. ಕಿರುಬೆರಳ ತುದಿಯ ಮೇಲೆ ಇಟ್ಟುಕೊಳ್ಳಬಹುದು. ಇ-ಸಿಮ್‌ನಲ್ಲಿ ಆ ಚಿಪ್ಪನ್ನು ಫೋನ್ ತಯಾರಿಸುವಾಗಲೇ ಒಳಗೆ ಬೆಸೆದಿರುತ್ತಾರೆ. ನಿಮ್ಮ ಗುರುತಿನ ಸಂಖ್ಯೆ ಮತ್ತು ಕೀಲಿಯನ್ನು ಕಂಪನಿಯು ಇಂಟರ್ನೆಟ್ ಮೂಲಕ, ಗೂಢಲಿಪಿಯಲ್ಲಿ, ಅದಕ್ಕೆ ಇಳಿಸುತ್ತದೆ. ಆದ್ದರಿಂದ ಇ-ಸಿಮ್ ಬೇರೆ ಜಾತಿಯ ಸಂಪರ್ಕವಲ್ಲ. ಅದೇ ನಂಬರು, ಅದೇ ರೀಚಾರ್ಜ್, ಅದೇ ಟವರ್.

ಹಾಗಾದರೆ ವ್ಯತ್ಯಾಸ ಎಲ್ಲಿ ಕಾಣುತ್ತದೆ? ಎಲ್ಲವೂ ಸರಿಯಾಗಿರುವ ದಿನ ಕಾಣುವುದಿಲ್ಲ. ಫೋನ್ ಕೈಕೊಟ್ಟ ದಿನ ಕಾಣುತ್ತದೆ.

ನಮ್ಮ ಮೂಲಮನೆ ಹೊಸನಗರ ತಾಲ್ಲೂಕಿನಲ್ಲಿದೆ. ಒಂದು ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಎರಡನೆಯ ದಿನ ಸಂಜೆಯ ಹೊತ್ತಿಗೆ ಅತ್ತಿಗೆಯ ಸ್ಮಾರ್ಟ್‌ಫೋನಿನ ಚಾರ್ಜ್ ಮುಗಿದುಹೋಯಿತು. ಅಣ್ಣ ಲಾಟೀನಿನ ಬೆಳಕಿನಲ್ಲಿ ಕುಳಿತು, ಅತ್ತಿಗೆ ಸೆರಗಿನಿಂದ ತೆಗೆದುಕೊಟ್ಟ ಪಿನ್ನಿನ ತುದಿಯನ್ನು ಫೋನಿನ ಅಂಚಿನ ತೂತಿಗೆ ಒತ್ತಿ, ಟ್ರೇಯನ್ನು ಹೊರಗೆಳೆದು, ಸಿಮ್ಮನ್ನು ಅಂಗೈ ಮೇಲೆ ಬೀಳಿಸಿಕೊಂಡರು. ಹಳೆಯ ಕೀಪ್ಯಾಡ್ ಫೋನಿಗೆ ನ್ಯಾನೋ ಸಿಮ್ ಸಡಿಲವಾಗುತ್ತದೆ. ಆದರೆ ಸಿಮ್ ಕೊಂಡಾಗ ಅದರ ಸುತ್ತ ಇದ್ದ ಪ್ಲಾಸ್ಟಿಕ್ ಚೌಕಟ್ಟನ್ನು ಅವರು ಎಸೆಯದೆ ಪಂಚಾಂಗದ ಹಾಳೆಗಳ ನಡುವೆ ಇಟ್ಟಿದ್ದರು. ಸಿಮ್ಮನ್ನು ಅದರಲ್ಲಿ ಕೂರಿಸಿ ಕೀಪ್ಯಾಡ್ ಫೋನಿಗೆ ಹಾಕಿದ್ದೇ ತಡ, ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದ ಅತ್ತಿಗೆಯ ತಾಯಿಯ ಬಗ್ಗೆ ವಿಚಾರಿಸಲು ಸಾಧ್ಯವಾಯಿತು. ಅಂದು ಇ-ಸಿಮ್ ಇದ್ದಿದ್ದರೆ ನಂಬರು ಆ ನಿರ್ಜೀವ ಫೋನಿನೊಳಗೇ ಸಿಕ್ಕಿಕೊಂಡಿರುತ್ತಿತ್ತು.

ಆದ್ದರಿಂದ ನಿಮಗೆ ನನ್ನ ಸ್ಪಷ್ಟ ಸಲಹೆ: ಬ್ಯಾಂಕಿಗೆ, ಪಿಂಚಣಿಗೆ, ಆಧಾರಿಗೆ ಕೊಟ್ಟಿರುವ ಮುಖ್ಯ ನಂಬರನ್ನು ಕಾರ್ಡಿನಲ್ಲೇ ಉಳಿಸಿಕೊಳ್ಳಿ. ಮಗನ ಒತ್ತಾಯಕ್ಕೆ ಎರಡನೆಯ ನಂಬರನ್ನು ಬೇಕಾದರೆ ಇ-ಸಿಮ್ ಮಾಡಿಸಿ. ಮಗನ ಮಾತಿನಲ್ಲೂ ಹುರುಳಿದೆ ಎಂಬುದನ್ನು ಹೇಳಲೇಬೇಕು. ಕಾರ್ಡು ಕದ್ದವನ ಕೈಗೆ ಸುಲಭವಾಗಿ ಸಿಗುತ್ತದೆ. ಫೋನಿಗೆ ಎಷ್ಟೇ ಗಟ್ಟಿ ಲಾಕ್ ಇರಲಿ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಿಮ್ಮ ಓಟಿಪಿಗಳು ಅಲ್ಲಿಗೆ ಬರುತ್ತವೆ. ಇದಕ್ಕೆ ಪರಿಹಾರವಾಗಿ ಸಿಮ್ಮಿಗೇ ಪಿನ್ ಹಾಕುವ ಸೌಲಭ್ಯ ಪ್ರತಿ ಫೋನಿನ ಸೆಟ್ಟಿಂಗ್ಸ್‌ನಲ್ಲಿದ್ದರೂ ಅದನ್ನು ಬಳಸುವವರು ನನಗೆ ಕಾಣಸಿಗುವುದೇ ಅಪರೂಪ. ಮೂರು ಸಲ ತಪ್ಪು ಪಿನ್ ಒತ್ತಿದರೆ ಸಿಮ್ ಲಾಕ್ ಆಗಿ, ಬಿಡಿಸಲು ಪಿಯುಕೆ ಎಂಬ ಇನ್ನೊಂದು ಸಂಖ್ಯೆ ಬೇಕಾಗುತ್ತದೆ. ಆದ್ದರಿಂದ ಕಂಪನಿ ಮೊದಲೇ ಇಟ್ಟಿರುವ ಪಿನ್ ಯಾವುದೆಂದು ಅವರ ಮಳಿಗೆಯಲ್ಲಿ ಕೇಳಿಕೊಂಡು, ಮಗ ಊರಿಗೆ ಬಂದಾಗ ಅವನಿಂದಲೇ ಮಾಡಿಸಿಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿರುವ ತಮ್ಮ ತನ್ನ ಐಫೋನ್ 15 ಅನ್ನು ನನಗೆ ಕೊಟ್ಟು ಹೋಗಿದ್ದಾನೆ. ಅದರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ನನ್ನ ಸಿಮ್ ಏನು ಮಾಡಲಿ? (ಮೈಸೂರಿನ ಓದುಗರು)

ಉತ್ತರ: ನಿಮ್ಮ ಫೋನಿನಲ್ಲಿ ದೋಷವಿಲ್ಲ. 2022ರಲ್ಲಿ ಬಂದ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ ಆ್ಯಪಲ್ ಕಂಪನಿ ಸಿಮ್ ಟ್ರೇಯನ್ನೇ ಇಡುತ್ತಿಲ್ಲ. ಅದೇ 14 ಮತ್ತು 15ನೆಯ ಮಾದರಿಗಳನ್ನು ಭಾರತದಲ್ಲಿ ಕೊಂಡಿದ್ದರೆ ಟ್ರೇ ಇರುತ್ತಿತ್ತು. ಹೀಗಾಗಿ ನಿಮಗೆ ಆಯ್ಕೆಯ ಪ್ರಶ್ನೆ ಉಳಿದಿಲ್ಲ, ಇ-ಸಿಮ್ಮೇ ಗತಿ. ಜಿಯೋ, ಏರ್‌ಟೆಲ್, ವಿಐ ಮೂರೂ ಅದನ್ನು ಕೊಡುತ್ತವೆ.

ಎಲ್ಲಕ್ಕಿಂತ ಮೊದಲು ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದು, ಕ್ಯಾರಿಯರ್ ಲಾಕ್ ಎಂಬ ಸಾಲನ್ನು ನೋಡಿ. ಅಲ್ಲಿ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಎಂದಿರಬೇಕು. ಅಮೆರಿಕದಲ್ಲಿ ಮೊಬೈಲ್ ಕಂಪನಿಯಿಂದಲೇ ಕಂತಿನ ಮೇಲೆ ಕೊಂಡ ಫೋನ್‌ಗಳು ಕಂತು ತೀರುವವರೆಗೆ ಆ ಕಂಪನಿಗೇ ಕಟ್ಟುಬಿದ್ದಿರುವುದುಂಟು, ಹಾಗಿದ್ದರೆ ಇಲ್ಲಿನ ಇ-ಸಿಮ್ ಅದರಲ್ಲಿ ನಡೆಯುವುದಿಲ್ಲ. ಬಿಡಿಸುವ ಕೆಲಸ ನಿಮ್ಮ ತಮ್ಮನಿಂದ ಅಲ್ಲಿಯೇ ಆಗಬೇಕು.

ಲಾಕ್ ಇಲ್ಲವೆಂದು ಖಚಿತವಾದ ಮೇಲೆ, ಹಳೆಯ ಫೋನಿನಲ್ಲಿ ಸಿಮ್ ಜೀವಂತವಾಗಿರುವಾಗಲೇ ಬದಲಾವಣೆಗೆ ಅರ್ಜಿ ಹಾಕಿ. ಕಂಪನಿಯ ಒಪ್ಪಿಗೆಯ ಸಂದೇಶ ಬರುವುದು ಅಲ್ಲಿಗೇ. ಕ್ಯೂಆರ್ ಕೋಡ್ ಇಮೇಲಿಗೆ ಬರುತ್ತದೆ. ಅದನ್ನು ಹೊಸ ಫೋನಿನ ಕ್ಯಾಮೆರಾದಿಂದ ನೋಡಬೇಕಾದ್ದರಿಂದ ಹಳೆಯ ಫೋನಿನಲ್ಲೋ ಕಂಪ್ಯೂಟರಿನಲ್ಲೋ ತೆರೆದಿಟ್ಟುಕೊಳ್ಳಿ. ಹೊಸ ಫೋನಿಗೆ ವೈಫೈ ಇರಲಿ. ಇ-ಸಿಮ್ ಚಾಲೂ ಆದ ಕೂಡಲೇ ಹಳೆಯ ಕಾರ್ಡು ಸತ್ತುಹೋಗುತ್ತದೆ. ಸಿಮ್ ಬದಲಾದ ಮೇಲೆ ದೂರಸಂಪರ್ಕ ಇಲಾಖೆಯ ನಿಯಮದಂತೆ 24 ಗಂಟೆ ಎಸ್‌ಎಂಎಸ್ ನಿಂತಿರುತ್ತದೆ. ವಂಚನೆ ತಡೆಯಲೆಂದೇ ಮಾಡಿದ ಒಳ್ಳೆಯ ನಿಯಮ ಅದು, ಆದರೆ ಆ ಒಂದು ದಿನ ಬ್ಯಾಂಕಿನ ಓಟಿಪಿ ಬರುವುದಿಲ್ಲ. ಯುಪಿಐ ಆ್ಯಪ್‌ಗಳೂ ಹೊಸ ಫೋನಿನಿಂದ ಎಸ್‌ಎಂಎಸ್ ಹೋಗಿ ನಂಬರು ದೃಢಪಡುವವರೆಗೆ ಕೆಲಸ ಮಾಡುವುದಿಲ್ಲ. ಮಕ್ಕಳ ಶುಲ್ಕವನ್ನೋ ವಿಮೆಯ ಕಂತನ್ನೋ ಕಟ್ಟಬೇಕಾದ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಜೇಬಿನಲ್ಲಿ ನಗದು ಇಟ್ಟುಕೊಂಡು ಆರಂಭಿಸಿ.

ಮುಂದೆ ಎಂದಾದರೂ ಫೋನ್ ರಿಪೇರಿಗೆ ಕೊಟ್ಟಾಗ ಅಥವಾ ಪೂರ್ತಿ ಅಳಿಸಿ ಹೊಸದು ಮಾಡುವಾಗ, ಇ-ಸಿಮ್ಮನ್ನೂ ಅಳಿಸಬೇಕೇ ಎಂದು ಫೋನ್ ಕೇಳುತ್ತದೆ. ಬೇಡವೆನ್ನಿ. ಅಳಿಸಿದರೆ ಹಳೆಯ ಕ್ಯೂಆರ್ ಕೋಡ್ ಸಾಮಾನ್ಯವಾಗಿ ಮತ್ತೆ ಉಪಯೋಗಕ್ಕೆ ಬರುವುದಿಲ್ಲ, ಕಂಪನಿಯಿಂದ ಹೊಸದನ್ನೇ ಪಡೆಯಬೇಕು. ಇನ್ನೊಂದು ಮಾತು: ಕಂಪನಿಯಲ್ಲಿ ನೋಂದಾಯಿಸಿದ ಇಮೇಲನ್ನು ಆ ಒಂದು ಫೋನಿನಲ್ಲಿ ಮಾತ್ರ ತೆರೆಯುವಂತೆ ಇಟ್ಟುಕೊಳ್ಳಬೇಡಿ. ಫೋನ್ ಕಳೆದರೆ ಹೊಸ ಕ್ಯೂಆರ್ ಕೋಡ್ ಇಮೇಲಿಗೆ ಬರುತ್ತದೆ. ಇಮೇಲ್ ತೆರೆಯಲು ಹೋದರೆ ಅದು ಕಳೆದುಹೋದ ನಂಬರಿಗೇ ಓಟಿಪಿ ಕಳಿಸುತ್ತದೆ. ಈ ಸುಳಿಯಲ್ಲಿ ಸಿಕ್ಕಿ ಎರಡು ದಿನ ಮಳಿಗೆಗೆ ಅಲೆದ ನೆರೆಯವರೊಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯವರ ಇನ್ನೊಂದು ಫೋನಿನಲ್ಲೂ ಆ ಇಮೇಲ್ ತೆರೆದಿರಲಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಮೂರು ತಿಂಗಳು ದುಬೈಗೆ ಹೋಗುತ್ತಿದ್ದೇನೆ. ಇಲ್ಲಿನ ನಂಬರು ಸತ್ತುಹೋಗದಂತೆ ಅಲ್ಲಿ ಫೋನ್ ಬಳಸುವುದು ಹೇಗೆ? (ಉಡುಪಿಯ ಓದುಗರು)

ಉತ್ತರ: ಇ-ಸಿಮ್‌ನ ನಿಜವಾದ ಉಪಕಾರ ಕಾಣುವುದು ಇಲ್ಲಿ. ಹಿಂದೆ ಗಲ್ಫಿಗೆ ಹೋದವರು ಊರಿನ ಸಿಮ್ಮನ್ನು ತೆಗೆದು, ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡು, ಅಲ್ಲಿನ ಸಿಮ್ ಹಾಕುತ್ತಿದ್ದರು. ತಿರುಗಿ ಬರುವಷ್ಟರಲ್ಲಿ ಆ ಚೂರು ಎಲ್ಲಿ ಹೋಯಿತೆಂದು ಹುಡುಕುತ್ತಿದ್ದರು. ಈಗ ಊರಿನ ಕಾರ್ಡು ತನ್ನ ಜಾಗದಲ್ಲೇ ಇರಲಿ, ಅಲ್ಲಿನ ಸಂಪರ್ಕವನ್ನು ಇ-ಸಿಮ್ ಆಗಿ ಪಡೆಯಿರಿ. ಹೊರಡುವ ಮೊದಲು ನಿಮ್ಮ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ ಮತ್ತು ಮೂರು ತಿಂಗಳಿಗೂ ಮೀರಿ ವ್ಯಾಲಿಡಿಟಿ ಇರುವಂತೆ ರೀಚಾರ್ಜ್ ಮಾಡಿಸಿ. ಆಗ ಬ್ಯಾಂಕಿನ ಎಸ್‌ಎಂಎಸ್‌ಗಳು ಅಲ್ಲಿಗೂ ಬರುತ್ತವೆ. ವಿಮಾನ ಇಳಿದ ಮೇಲೆ ಊರಿನ ಸಿಮ್ಮಿನ ಡೇಟಾ ರೋಮಿಂಗ್ ಮಾತ್ರ ಬಂದ್ ಇರಲಿ, ಅದಕ್ಕೆ ಬರುವ ಕರೆಗಳನ್ನು ಎತ್ತಬೇಡಿ. ಪ್ಯಾಕ್ ಇಲ್ಲದಿದ್ದರೆ ದುಡ್ಡು ನೀರಿನಂತೆ ಹೋಗುವುದು ಈ ಎರಡರಿಂದಲೇ.

ಪ್ರವಾಸಿಗರಿಗೆಂದು ಮಾರುವ ಇ-ಸಿಮ್‌ಗಳಲ್ಲಿ ಹೆಚ್ಚಿನವು ಡೇಟಾ ಮಾತ್ರ ಕೊಡುತ್ತವೆ, ಮಾತಾಡಲು ನಂಬರು ಕೊಡುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸ್‌ಆ್ಯಪ್ ಕರೆಗಳಿಗೆ ನಿರ್ಬಂಧವಿರುವುದರಿಂದ ಮೂರು ತಿಂಗಳ ವಾಸಕ್ಕೆ ಅಲ್ಲಿನ ಕಂಪನಿಯದೇ ನಂಬರನ್ನು ಮಗಳ ಮೂಲಕ ತೆಗೆದುಕೊಳ್ಳುವುದು ಮೇಲು. ಭಾರತದಲ್ಲಿ ವಿದೇಶಿ ಸಿಮ್ ಮಾರಲು ಸರಕಾರದ ಅನುಮತಿ ಬೇಕೆಂಬುದೂ ನೆನಪಿರಲಿ. ಅದಿಲ್ಲವೆಂಬ ಕಾರಣಕ್ಕೆ ಏರಾಲೋ ಮತ್ತು ಹೋಲಾಫ್ಲೈ ಎಂಬ ಎರಡು ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಇಲ್ಲಿನ ಆ್ಯಪ್ ಮಳಿಗೆಗಳಿಂದ ತೆಗೆಸಲಾಯಿತು.

ಪ್ರಶ್ನೆ: ನನ್ನ ಫೋನಿಗೆ ಇ-ಸಿಮ್ ಬರುತ್ತದೆಯೇ ಎಂದು ತಿಳಿಯುವುದು ಹೇಗೆ? (ದಾವಣಗೆರೆಯ ವಿದ್ಯಾರ್ಥಿ)

ಉತ್ತರ: ಕರೆ ಮಾಡುವ ಜಾಗದಲ್ಲಿ *#06# ಎಂದು ಒತ್ತಿ. ಫೋನಿನ ಗುರುತಾದ 15 ಅಂಕಿಗಳ ಐಎಂಇಐ ಜೊತೆಗೆ, ಇ-ಸಿಮ್ ಚಿಪ್ಪಿನ ಗುರುತಾದ 32 ಅಂಕಿಗಳ ಇಐಡಿ ಎಂಬ ಸಂಖ್ಯೆಯೂ ಕಂಡರೆ ಇ-ಸಿಮ್ ಇದೆ.

ಪ್ರಶ್ನೆ: ಮೊಬೈಲ್ ಕಂಪನಿಯವನೆಂದು ಹೇಳಿಕೊಂಡು ಒಬ್ಬ ಕರೆ ಮಾಡಿ, ನಿಮ್ಮ ಹಳೆಯ ಸಿಮ್ ಬಂದ್ ಆಗುತ್ತದೆ, ಕುಳಿತಲ್ಲೇ ಇ-ಸಿಮ್ ಮಾಡಿಕೊಡುತ್ತೇನೆ, ನಾನು ಕಳಿಸುವ ಸಂದೇಶವನ್ನು ಕಂಪನಿಯ ನಂಬರಿಗೆ ಕಳಿಸಿ ಎಂದ. ಅನುಮಾನ ಬಂದು ಇಟ್ಟುಬಿಟ್ಟೆ. ಸರಿ ಮಾಡಿದೆನೇ? (ಹುಬ್ಬಳ್ಳಿಯ ಅಂಗಡಿ ಮಾಲೀಕರು)

ಉತ್ತರ: ಬಹಳ ಸರಿ ಮಾಡಿದಿರಿ. ಅವನು ಕಳಿಸಲು ಹೇಳಿದ ಸಂದೇಶದಲ್ಲಿ ಇರುವುದು ಅವನ ಇಮೇಲ್ ವಿಳಾಸ ಅಥವಾ ಅವನ ಫೋನಿನ ಇಐಡಿ. ನಿಮ್ಮ ನಂಬರಿನಿಂದಲೇ ಕೋರಿಕೆ ಹೋದಾಗ ಕಂಪನಿಗೆ ಅದು ನಿಮ್ಮದೇ ಕೋರಿಕೆಯಂತೆ ಕಾಣುತ್ತದೆ. ಬಳಿಕ ಒಂದು ಓಟಿಪಿಯನ್ನೋ, ಒಪ್ಪಿಗೆಯ ಉತ್ತರವನ್ನೋ ನಿಮ್ಮಿಂದ ಪಡೆದರೆ ನಿಮ್ಮ ನಂಬರು ಅವನ ಫೋನಿಗೆ ಇಳಿಯುತ್ತದೆ. ನಿಮ್ಮ ಫೋನಿನಲ್ಲಿ ಕಾಣುವುದು 'ನೋ ಸರ್ವಿಸ್' ಎಂಬುದಷ್ಟೇ. ಟವರಿನ ತೊಂದರೆಯಿರಬೇಕೆಂದು ನೀವು ಸುಮ್ಮನಿರುತ್ತೀರಿ. ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರಲ್ಲಿ ಇಂಥ ಮೋಸದ ಬಗ್ಗೆ ಜನರನ್ನು ಎಚ್ಚರಿಸಿತ್ತು. ಇದು ಇ-ಸಿಮ್ ಬಳಸದವರಿಗೂ ಇರುವ ಅಪಾಯವೆಂಬುದನ್ನು ದಯವಿಟ್ಟು ಗಮನಿಸಿ. ನಿಮ್ಮ ಕಾರ್ಡು ನಿಮ್ಮ ಫೋನಿನಲ್ಲೇ ಭದ್ರವಾಗಿ ಕುಳಿತಿರುವಾಗಲೂ ನಂಬರು ಕೈತಪ್ಪಿ ಹೋಗಬಲ್ಲದು.

ಇ-ಸಿಮ್ ಬೇಕಾದರೆ ನೀವಾಗಿಯೇ ಕಂಪನಿಯ ಆ್ಯಪ್‌ನಲ್ಲಿ ಕೇಳಿ, ಇಲ್ಲವೇ ಗುರುತಿನ ಚೀಟಿ ಹಿಡಿದು ಅವರ ಮಳಿಗೆಗೆ ಹೋಗಿ. ಕರೆ ಮಾಡಿ ಬಂದವರಿಂದ ಬೇಡ. ಸುತ್ತಲಿನವರ ಫೋನಿಗೆ ನೆಟ್‌ವರ್ಕ್ ಇದ್ದು ನಿಮ್ಮದಕ್ಕೆ ಮಾತ್ರ ಇದ್ದಕ್ಕಿದ್ದಂತೆ ಹೋದರೆ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಗಲೂ ಬಾರದಿದ್ದರೆ ಅಂಗಡಿಯಲ್ಲಿರುವ ಇನ್ನೊಬ್ಬರ ಫೋನಿನಿಂದ ತಕ್ಷಣ ಕಂಪನಿಗೆ ಕರೆ ಮಾಡಿ ನಂಬರನ್ನು ತಡೆಹಿಡಿಸಿ, ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ನಿಲ್ಲಿಸಿ. ಹಣ ಹೋಗಿರುವುದು ಗೊತ್ತಾದರೆ 1930ಕ್ಕೆ ಕರೆ ಮಾಡಿ ದೂರು ಕೊಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ತಡೆಯಬೇಕಾದ್ದರಿಂದ ಸಂಜೆಗೆ ಅಂಗಡಿ ಮುಚ್ಚಿದ ಮೇಲೆ ನೋಡೋಣವೆಂದು ಬಿಡಬೇಡಿ. ಬ್ಯಾಂಕಿನ ತುರ್ತು ಸಂಖ್ಯೆಯನ್ನೂ ಕಂಪನಿಯ ಸಂಖ್ಯೆಯನ್ನೂ ಇಂದೇ ಒಂದು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಒಳಬದಿಗೆ ಅಂಟಿಸಿಡಿ.