ಅಕೆರಾನ್ ನದಿ ಬಿಡಿ, ಎಳ್ಳಿನ ಹೊಲಕ್ಕೆ ಬನ್ನಿ

ಪ್ರೀತಿಯ ತಂಗಿ,

ಪತ್ರದಲ್ಲಿ ನೀವು ನನ್ನನ್ನು ಅಕ್ಕಾವ್ರೆ ಎಂದು ಕರೆದಿದ್ದೀರಿ. ಹಾಗಾಗಿ ನಾನೂ ತಂಗಿ ಎಂದೇ ಶುರು ಮಾಡುತ್ತೇನೆ. ‘ಮುಲಾಜು ಬೇಡ, ಕಡ್ಡಿ ಮುರಿದ ಹಾಗೆ ಹೇಳಿ’ ಎಂದೂ ಬರೆದಿದ್ದೀರಿ. ಲೇಖನವನ್ನು ಮೂರು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಅದರೊಳಗೆ ಒಂದು ಒಳ್ಳೆಯ ಬರಹ ಕೂತಿದೆ. ಏಳನೆಯ ಪುಟದಲ್ಲಿ ಕೂತಿದೆ, ಅದೇ ತೊಂದರೆ.

ನಿಮ್ಮ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ತೆಗೆದು, ಈ ಉತ್ತರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ಅವರಿಗಾಗಿ ವಿಷಯ ಇಷ್ಟು: ಗದಗ ಜಿಲ್ಲೆಯ ಒಂದು ಹಳ್ಳಿ. ಪಿತೃಪಕ್ಷದ ಒಂದು ರಾತ್ರಿ ಮನೆಯ ಪಡಸಾಲೆಗೆ ಅಂಗೈ ಅಗಲದ ಪತಂಗವೊಂದು ಬಂತು. ಅದರ ಬೆನ್ನ ಮೇಲೆ ತಲೆಬುರುಡೆಯ ಚಿತ್ರ. ಅಜ್ಜಿ ಹೆದರಿದರು. ಮೊಮ್ಮಗಳು ಫೋಟೋ ತೆಗೆದು, ಅದು ‘ಅಕೆರಾಂಷಿಯಾ’ ಎಂಬ ಕುಲದ ಗಿಡುಗ ಪತಂಗ (ಇಂಗ್ಲಿಷಿನಲ್ಲಿ ಹಾಕ್‌ಮಾತ್) ಎಂದು ಪತ್ತೆ ಮಾಡಿ, ಹನ್ನೊಂದು ಪುಟದ ಲೇಖನ ಬರೆದರು. ಹೆಸರು ‘ಮೃತ್ಯುದೂತನ ಆಗಮನ’.

ಮೊದಲ ವಾಕ್ಯವನ್ನೇ ನೋಡೋಣ. ‘ನಿಶೆಯ ನೀರವ ಸಾಮ್ರಾಜ್ಯದಲ್ಲಿ ಮೃತ್ಯುವಿನ ಮುದ್ರೆಯನ್ನು ಹೊತ್ತು ಸಂಚರಿಸುವ ಕೀಟವೊಂದು ಮಾನವಕುಲವನ್ನು ಶತಮಾನಗಳಿಂದ ಬೆಚ್ಚಿಬೀಳಿಸಿದೆ.’ ಇದನ್ನು ಯಾರು ಬೇಕಾದರೂ ಬರೆಯಬಹುದು. ಪತಂಗವನ್ನು ಕಣ್ಣಿಂದ ನೋಡಿಯೇ ಇಲ್ಲದವರೂ ಬರೆಯಬಹುದು. ನೀವು ನೋಡಿದ್ದೀರಿ ಅಲ್ವಾ? ಹಾಗಿದ್ದ ಮೇಲೆ ಈ ವಾಕ್ಯ ನಿಮಗೆ ಯಾಕೆ ಬೇಕು?

ಅಲ್ಲಿಂದ ನಾಲ್ಕು ಪುಟ ಗ್ರೀಕ್ ಪುರಾಣ. ಸರಿ, ಹೆಸರುಗಳ ಕತೆ ಚೆನ್ನಾಗಿದೆ, ನನಗೂ ಇಷ್ಟವೇ. ಅಕೆರಾನ್ ಎಂದರೆ ಗ್ರೀಕರ ಪಾತಾಳಲೋಕದ ನದಿ, ಅದರಿಂದ ಕುಲದ ಹೆಸರು. ಈ ಕುಲದಲ್ಲಿ ಮೂರೇ ಪ್ರಭೇದ: ಅಟ್ರೊಪಾಸ್, ಲ್ಯಾಕೆಸಿಸ್, ಸ್ಟಿಕ್ಸ್. ಸ್ಟಿಕ್ಸ್ ಕೂಡ ಪಾತಾಳದ ನದಿಯೇ. ಉಳಿದಿಬ್ಬರು ವಿಧಿಯ ಮೂವರು ಅಕ್ಕತಂಗಿಯರಲ್ಲಿ ಇಬ್ಬರು. ಕ್ಲೋಥೊ ಆಯುಸ್ಸಿನ ದಾರ ನೂಲುತ್ತಾಳೆ, ಲ್ಯಾಕೆಸಿಸ್ ಅಳೆಯುತ್ತಾಳೆ, ಅಟ್ರೊಪಾಸ್ ಕತ್ತರಿಸುತ್ತಾಳೆ. ಜೀವಿಗಳಿಗೆ ಹೆಸರಿಡುವ ಪದ್ಧತಿ ಹಾಕಿಕೊಟ್ಟ ಲಿನೇಯಸ್ 1758ರಲ್ಲಿ ಒಂದಕ್ಕೆ ಅಟ್ರೊಪಾಸ್ ಎಂದು ಹೆಸರಿಟ್ಟ. 1798ರಲ್ಲಿ ಅವನ ಶಿಷ್ಯ ಫ್ಯಾಬ್ರಿಷಿಯಸ್ ಇನ್ನೊಂದನ್ನು ಲ್ಯಾಕೆಸಿಸ್ ಎಂದು ಕರೆದ. ಮೂರನೆಯ ಅಕ್ಕ ಕ್ಲೋಥೊಳ ಹೆಸರು ಥೆರೆಟ್ರಾ ಎಂಬ ಬೇರೆ ಕುಲದ ಗಿಡುಗ ಪತಂಗಕ್ಕೆ ಹೋಗಿದೆ, ಅದೂ ನಮ್ಮ ದೇಶದಲ್ಲಿದೆ. ನೋಡಿ, ಇಷ್ಟರಲ್ಲಿ ಮುಗಿಯಿತು. ನಾಲ್ಕು ಪುಟ ಬೇಕಾಗಲಿಲ್ಲ.

ಇನ್ನು ತಪ್ಪುಗಳು. ಇವುಗಳ ವಿಷಯದಲ್ಲಿ ನಾನು ಗಟ್ಟಿ. ಹಿಂದೊಮ್ಮೆ ನಾನೇ ಪತಂಗದ ಚಿತ್ರವೊಂದಕ್ಕೆ ಬೇರೆ ಹೆಸರು ಹಾಕಿ ಅಚ್ಚು ಮಾಡಿಸಿದ್ದೆ. ಹಾವೇರಿ ಕಡೆಯ ಒಬ್ಬ ರೈತರು ಫೋನ್ ಮಾಡಿ ತಿದ್ದಿದರು. ಆ ದಿನ ಆದ ಸಂಕಟ ಇನ್ನೂ ಮರೆತಿಲ್ಲ. ಓದುಗರು ನಮ್ಮ ಮಾತನ್ನು ನಂಬಿ ಹೊಲಕ್ಕೆ ಹೋಗುತ್ತಾರೆ.

ನಿಮ್ಮ ಮನೆಗೆ ಬಂದದ್ದು ಅಟ್ರೊಪಾಸ್ ಅಲ್ಲ. ಅದರ ಊರು ಆಫ್ರಿಕಾ, ಯುರೋಪ್ ಕಡೆ. ನಮ್ಮಲ್ಲಿರುವುದು ಲ್ಯಾಕೆಸಿಸ್ ಮತ್ತು ಸ್ಟಿಕ್ಸ್. ನೀವು ಕಳಿಸಿದ ಎರಡನೆಯ ಫೋಟೋದಲ್ಲಿ ರೆಕ್ಕೆ ಸ್ವಲ್ಪ ಬಿಚ್ಚಿಕೊಂಡಿದೆ. ಹಿಂದಿನ ರೆಕ್ಕೆ ಅರಿಸಿನದಷ್ಟು ಹಳದಿ, ಅಡ್ಡಕ್ಕೆ ಎರಡು ಕಪ್ಪು ಪಟ್ಟೆ. ಹೊಟ್ಟೆಯೂ ಹಳದಿ, ಅದರ ನಡುವೆ ಸಣ್ಣ ನೀಲಿ ಗೆರೆ. ಇದು ಸ್ಟಿಕ್ಸ್. ಲ್ಯಾಕೆಸಿಸ್ ಆಗಿದ್ದರೆ ಹಿಂದಿನ ರೆಕ್ಕೆಯ ಬುಡ ಕಪ್ಪಗಿರುತ್ತಿತ್ತು, ಹೊಟ್ಟೆಯ ಮೇಲಿನ ನೀಲಿ-ಬೂದು ಪಟ್ಟೆ ಅಗಲವಾಗಿ ಹರಡಿ ಹಳದಿ ಬರೀ ಪಕ್ಕಕ್ಕೆ ಉಳಿಯುತ್ತಿತ್ತು. ಫೋಟೋ ನಿಮ್ಮದೇ. ಆದರೆ ಅದನ್ನು ನೋಡಿ ಬರೆಯದೆ ಬೇರೆ ಯಾರೋ ಬರೆದದ್ದನ್ನು ನೋಡಿ ಬರೆದಿದ್ದೀರಿ.

ಐದನೆಯ ಪುಟದಲ್ಲಿ ಡಾರ್ವಿನ್ ಬರುತ್ತಾನೆ. ಮಡಗಾಸ್ಕರಿನ ಆರ್ಕಿಡ್ ಹೂವಿನ ಉದ್ದನೆಯ ಮಕರಂದದ ನಾಳ ನೋಡಿ, ಇಷ್ಟೇ ಉದ್ದ ನಾಲಿಗೆಯ ಪತಂಗ ಇರಲೇಬೇಕು ಎಂದು ಅವನು 1862ರಲ್ಲಿ ಹೇಳಿದ್ದು, 1903ರಲ್ಲಿ ಅಂಥ ಗಿಡುಗ ಪತಂಗಕ್ಕೆ ಹೆಸರಿಟ್ಟಿದ್ದು. ಕತೆ ನಿಜ. ಆದರೆ ನಿಮ್ಮ ಪತಂಗಕ್ಕೆ ಅದು ಪೂರಾ ಉಲ್ಟಾ! ಅಕೆರಾಂಷಿಯಾದ ನಾಲಿಗೆ ಗಿಡ್ಡ, ದಪ್ಪ, ಗಟ್ಟಿ. ಹೂವಿನ ಮುಂದೆ ಗಾಳಿಯಲ್ಲಿ ನಿಂತು ಮಕರಂದ ಹೀರುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ಜೇನುಹಟ್ಟಿಯ ಮೇಣದ ಮುಚ್ಚಳ ಚುಚ್ಚಿ ತುಪ್ಪ ಕುಡಿಯಲು ಮಾಡಿದ್ದು. ಕಪ್ಪತಗುಡ್ಡದ ಬುಡದಲ್ಲಿ ನಿಮ್ಮ ಕಾಕಾ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದಾರೆ ಎಂದು ಒಂದೇ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಅಯ್ಯೋ, ಅಲ್ಲೇ ನಿಲ್ಲಬೇಕಿತ್ತು! ಸ್ಟಿಕ್ಸ್ ಪತಂಗ ತುಡುವೆ ಗೂಡಿಗೆ ನುಗ್ಗುವ ಕಳ್ಳ. ಕಾಕಾ ಪೆಟ್ಟಿಗೆ ತೆಗೆದಾಗ ಒಳಗೆ ಸತ್ತ ಪತಂಗ ಸಿಕ್ಕಿದ್ದುಂಟಾ? ಕೇಳಿ ನೋಡಿ. ಅಟ್ರೊಪಾಸ್ ಮೇಲೆ ಅಧ್ಯಯನ ಮಾಡಿದವರು ಅದರ ಮೈಮೇಲಿನ ಕೊಬ್ಬಿನ ಆಮ್ಲಗಳು ಜೇನುನೊಣದ ಮೈಮೇಲಿನವನ್ನೇ ಹೋಲುತ್ತವೆ ಎಂದು ಕಂಡುಕೊಂಡಿದ್ದಾರೆ. ಕತ್ತಲ ಗೂಡಿನಲ್ಲಿ ನೊಣಗಳು ಗುರುತು ಹಿಡಿಯುವುದು ವಾಸನೆಯಿಂದ. ಮನೆಯವರ ವಾಸನೆ ಹಚ್ಚಿಕೊಂಡು ಬಂದವನನ್ನು ಹೇಗೆ ಹಿಡಿಯುತ್ತವೆ? ‘ಜೇನುಗಳಿಗೆ ಮಂಕು ಕವಿಸುತ್ತದೆ’ ಎಂದು ನೀವು ಬರೆದದ್ದನ್ನು ಹೊಡೆದುಹಾಕಿದ್ದೇನೆ.

‘ದುಃಖದಿಂದ ಮಗುವಿನಂತೆ ಅಳುತ್ತದೆ’ ಎಂಬ ಸಾಲನ್ನೂ ತೆಗೆದಿದ್ದೇನೆ. ಅದು ಕೂಗುವುದು ನಿಜ. ನಾನು ಕೇಳಿದ್ದೇನೆ. ಧಾರವಾಡದಲ್ಲಿ ಮಳೆ ನಿಂತ ಒಂದು ರಾತ್ರಿ, ಟ್ಯೂಬ್‌ಲೈಟಿನ ಕೆಳಗೆ ಗೋಡೆಗೆ ಕೂತಿದ್ದ ಒಂದನ್ನು ಹೊರಗೆ ಬಿಡೋಣ ಎಂದು ಹಳೆಯ ಪೇಪರಿನಲ್ಲಿ ಮೆಲ್ಲಗೆ ಹಿಡಿದೆ. ಕೈಯಲ್ಲಿ ಗುಬ್ಬಿ ಇಟ್ಟುಕೊಂಡ ಹಾಗೆ ಭಾರ. ಪೇಪರ್ ಪೂರ್ತಿ ನಡುಗುತ್ತಿತ್ತು. ಆಮೇಲೆ ಇಲಿಮರಿಯ ಹಾಗೆ ಕಿರ್ರ್ ಎಂದಿತು, ಬಿಟ್ಟು ಬಿಟ್ಟು ನಾಲ್ಕೈದು ಸಲ. ನನ್ನ ಕೈಮೇಲಿನ ಕೂದಲು ನೆಟ್ಟಗಾಯಿತು. ಅದು ಅಳುವುದಲ್ಲ, ಬೆದರಿಸುವುದು. ಪತಂಗ ಬಾಯಿಂದ ಗಾಳಿ ಒಳಗೆಳೆದುಕೊಳ್ಳುತ್ತದೆ, ಒಳಗಿನ ಒಂದು ಪುಟ್ಟ ಪದರ ಅದುರುತ್ತದೆ, ಆಮೇಲೆ ಗಾಳಿ ಹೊರಗೆ ಹೋಗುವಾಗ ಇನ್ನೊಂದು ಸದ್ದು. ನಿಮ್ಮೂರ ಭಜನಾ ಪೇಟಿಯ ತಿದಿ ನೆನಪು ಮಾಡಿಕೊಳ್ಳಿ, ಅದೇ ಕೆಲಸ. ಅಜ್ಜಿಗೂ ಅದು ಕೇಳಿಸಿತಾ? ಲೇಖನದಲ್ಲಿ ಇಲ್ಲ.

ಈಗ ಏಳನೆಯ ಪುಟಕ್ಕೆ ಬರೋಣ. ನೀವು ಬರೆದದ್ದನ್ನೇ ಇಲ್ಲಿ ಇಡುತ್ತೇನೆ:

‘ಅವ್ವ ಎಳ್ಳಿನ ಗಿಡ ಬಗ್ಗಿಸಿ ತೋರಿಸಿದಳು. ತುದಿಯಲ್ಲಿ ಎಲೆ ಒಂದೂ ಇರಲಿಲ್ಲ. ದಂಟಿಗೆ ನನ್ನ ನಡುಬೆರಳಿಗಿಂತ ದಪ್ಪದ ಹಸಿರು ಹುಳ ತಲೆ ಒಳಗೆಳೆದುಕೊಂಡು, ಎದೆ ಎತ್ತಿ ಕೂತಿತ್ತು. ಕೀಳಲು ಹೋದರೆ ದಂಟು ಬಿಡಲಿಲ್ಲ. ಬಾಯಿಂದ ಟಿಕ್ ಟಿಕ್ ಸದ್ದು ಬಂತು. ನೆಲದ ಮೇಲೆ ಮೆಣಸಿನ ಕಾಳಿನಂಥ ಹಿಕ್ಕೆ. ಹಿಕ್ಕೆ ಕಂಡಲ್ಲಿ ಮೇಲೆ ನೋಡು, ಹುಳ ಇರತೈತಿ ಅಂದಳು ಅವ್ವ. ಇದಕ್ಕೂ ಹೊಟ್ಟಿ ಐತಿ ಖರೆ, ಆದ್ರ ನಮ್ಮ ಎಳ್ಳೂ ಉಳಿಬೇಕಲ್ಲ.’

ತಂಗಿ, ಇದನ್ನು ಓದಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಇಡೀ ಲೇಖನದಲ್ಲಿ ಒಂದೇ ಒಂದು ದೊಡ್ಡ ಪದ ಇಲ್ಲದ ಜಾಗ ಇದು. ಹುಳದ ಬಣ್ಣ, ದಪ್ಪ, ಸದ್ದು, ಹಿಕ್ಕೆ, ಅವ್ವನ ಮಾತು ಎಲ್ಲ ಇವೆ. ಎದೆ ಎತ್ತಿ ತಲೆ ಒಳಗೆಳೆದುಕೊಂಡು ಕೂರುವ ಆ ಭಂಗಿಯನ್ನು ಈಜಿಪ್ಟಿನ ಸ್ಫಿಂಕ್ಸ್ ಮೂರ್ತಿಗೆ ಹೋಲಿಸಿಯೇ ಗಿಡುಗ ಪತಂಗಗಳ ಇಡೀ ಕುಟುಂಬಕ್ಕೆ ಸ್ಫಿಂಜಿಡೀ ಎಂಬ ಹೆಸರು ಬಂದದ್ದು. ಸುಮಾರು 1,450 ಪ್ರಭೇದಗಳ ಕುಟುಂಬ ಅದು. ಹೆಸರಿನ ಕಾರಣವನ್ನು ನೀವು ಯಾರೂ ಹೇಳದೆ ಹೊಲದಲ್ಲೇ ಕಂಡಿದ್ದೀರಿ. ಪುಸ್ತಕದ ಮಾತು ಬರಬೇಕಾದದ್ದು ಇಂಥ ಕಡೆ, ಕಣ್ಣಿಗೆ ಕಂಡದ್ದರ ಬೆನ್ನಿಗೆ.

ಆದರೆ ಅದೇ ಪುಟದ ಕೆಳಗೆ ‘ಇದೇ ಹುಳ ಹೆಸರುಕಾಳು, ಉದ್ದಿನ ಬೆಳೆಗೂ ಬೀಳುತ್ತದೆ’ ಎಂದಿದ್ದೀರಿ. ಅಲ್ಲಿ ಎಡವಿದ್ದೀರಿ. ಹೆಸರು, ಉದ್ದಿಗೆ ಬೀಳುವುದು ಸಾಮಾನ್ಯವಾಗಿ ಆಗ್ರಿಯಸ್ ಕನ್ವಾಲ್ವುಲಿ ಎಂಬ ಇನ್ನೊಂದು ಗಿಡುಗ ಪತಂಗದ ಹುಳ. ಅದೂ ದಪ್ಪ, ಅದಕ್ಕೂ ಬಾಲದ ಮೇಲೆ ಕೊಂಬು, ಹಾಗಾಗಿ ಮೋಸ ಹೋಗುವುದು ಸಹಜ. ಕೊಂಬನ್ನು ಹತ್ತಿರದಿಂದ ನೋಡಿ. ಆಗ್ರಿಯಸ್‌ನದು ನುಣುಪು, ಕುಡುಗೋಲಿನ ಹಾಗೆ ಬಾಗಿರುತ್ತದೆ. ಎಳ್ಳಿನ ಹುಳದ್ದು ಒರಟು, ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ, ಕೆಳಗೆ ಬಾಗಿ ತುದಿ ಮತ್ತೆ ಮೇಲಕ್ಕೆ ಎದ್ದಿರುತ್ತದೆ. ಮುಟ್ಟಲು ಹೆದರಬೇಡಿ, ಆ ಕೊಂಬು ಚುಚ್ಚುವುದಿಲ್ಲ, ಅದರಲ್ಲಿ ವಿಷವೂ ಇಲ್ಲ. ನಿಮ್ಮ ಲೇಖನದಲ್ಲಿ ‘ವಿಷಕೊಂಬು’ ಎಂದಿದೆ, ತೆಗೆಯಿರಿ.

ಇನ್ನೊಂದು ಗುರುತು ನಿಮಗೇ ಸಿಕ್ಕಿತ್ತು, ಬಿಟ್ಟಿದ್ದೀರಿ. ಅಪ್ಪ ರಂಟೆ ಹೊಡೆಯುವಾಗ ಮಣ್ಣಿನಿಂದ ಎದ್ದ ಕಂದು ಬಣ್ಣದ ಗುಂಡನ್ನು ಬೆಳ್ಳಕ್ಕಿ ನುಂಗಿತು ಎಂದು ಎಂಟನೆಯ ಪುಟದಲ್ಲಿ ಹೇಳಿದ್ದೀರಿ. ಅದು ಕೋಶ, ಅಂದರೆ ಹುಳ ಪತಂಗವಾಗುವ ಮುಂಚಿನ ರೂಪ. ಈ ಹುಳಗಳು ಮಣ್ಣಿನೊಳಗೆ ಹೋಗಿ ಕೋಶವಾಗುತ್ತವೆ. ಆ ಗುಂಡಿನ ತಲೆಯ ಕಡೆ ಚಹಾ ಕಪ್ಪಿನ ಹಿಡಿಕೆಯಂಥದ್ದು ಇತ್ತಾ? ಇದ್ದರೆ ಅದು ಆಗ್ರಿಯಸ್. ಅದರ ನಾಲಿಗೆ ಮೈಗಿಂತ ಉದ್ದ, ಕೋಶದೊಳಗೆ ಹಿಡಿಸಲು ಹಾಗೆ ಮಡಚಿಕೊಂಡಿರುತ್ತದೆ. ಹಿಡಿಕೆ ಇರದಿದ್ದರೆ ಗಿಡ್ಡ ನಾಲಿಗೆಯ ನಿಮ್ಮ ಜೇನುಕಳ್ಳ ಇರಬಹುದು. ಡಾರ್ವಿನ್ ಬೇಕಾದರೆ ಇಲ್ಲಿ ಎರಡು ಸಾಲಿನಲ್ಲಿ ಬರಲಿ, ಬೇಡ ಎನ್ನುವುದಿಲ್ಲ.

ಎಳ್ಳಿನ ಮಾತು ಇನ್ನೂ ಸ್ವಲ್ಪ ಹೇಳಬೇಕು, ನನಗೆ ತೀರಾ ಕಾಡಿದ್ದು ಅದೇ. ನಾಲ್ಕು ಪುಟ ಸಾವಿನ ನದಿಗಳ ಬಗ್ಗೆ ಬರೆದಿರಿ. ಪತಂಗ ಬಂದದ್ದು ಪಿತೃಪಕ್ಷದಲ್ಲಿ. ಮರುದಿನ ನಿಮ್ಮ ಮನೆಯಲ್ಲಿ ಅಜ್ಜನಿಗೆ ಎಳ್ಳು-ನೀರು ಬಿಡುವುದಿತ್ತು. ಅಜ್ಜಿ ಹೆದರಿದ್ದು ಅದಕ್ಕೇ. ಆ ಎಳ್ಳು ನಿಮ್ಮದೇ ಹೊಲದ್ದು. ಆ ಪತಂಗ ಹುಳವಾಗಿದ್ದಾಗ ತಿಂದು ಬೆಳೆದದ್ದೂ ಅದೇ ಎಳ್ಳಿನ ಎಲೆ ಇರಬಹುದು. ಹೀಗೆ ಎಲ್ಲ ಒಂದೇ ಮನೆಯಲ್ಲಿ ಸೇರಿರುವಾಗ ನೀವು ಗ್ರೀಸಿಗೆ ಯಾಕೆ ಹೋದಿರಿ? ಸತ್ತವರಿಗೂ ಎಳ್ಳು, ಸಂಕ್ರಾಂತಿಗೂ ಎಳ್ಳು, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಬುತ್ತಿಯ ಸಜ್ಜಿ ರೊಟ್ಟಿಯ ಮೇಲೂ ಎಳ್ಳು. ಈ ಸಂಬಂಧವನ್ನು ಬಾಯಿಬಿಟ್ಟು ವಿವರಿಸಬೇಡಿ. ರಾತ್ರಿ ಪತಂಗ, ಬೆಳಿಗ್ಗೆ ಎಳ್ಳು-ನೀರು, ಮಧ್ಯಾಹ್ನ ಹೊಲ. ಮೂರನ್ನೂ ಒಂದರ ಪಕ್ಕ ಒಂದು ಇಡಿ ಸಾಕು, ಓದುವವರು ಅರ್ಥ ಮಾಡಿಕೊಳ್ಳುತ್ತಾರೆ.

ಅಜ್ಜಿಯನ್ನು ‘ಮೂಢನಂಬಿಕೆಯ ಪ್ರತಿನಿಧಿ’ ಎಂದು ಕರೆದದ್ದು ನನಗೆ ಸರಿ ಕಾಣಲಿಲ್ಲ. ಲಿನೇಯಸ್ ಅಷ್ಟು ದೊಡ್ಡ ವಿಜ್ಞಾನಿ, ಅವನೂ ಆ ಬೆನ್ನ ಮೇಲಿನ ಚಿತ್ರ ನೋಡಿ ಆಯುಸ್ಸಿನ ದಾರ ಕತ್ತರಿಸುವವಳ ಹೆಸರೇ ಇಟ್ಟ. ಅಜ್ಜಿಯೂ ಅದೇ ಚಿತ್ರ ನೋಡಿ ಅದನ್ನೇ ನೆನೆದರು. ಅವರಿಗೆ ಬುದ್ಧಿ ಹೇಳುವ ಪ್ಯಾರಾ ಬೇಡ. ಅವರು ಆಗ ಏನು ಮಾಡಿದರು, ಎಲ್ಲಿ ಕೂತರು, ಏನಂದರು, ಅದನ್ನು ಬರೆಯಿರಿ.

ಕೊನೆಯ ಎರಡು ಪುಟದ ‘ಪರಿಸರ ಉಳಿಸೋಣ’ ಭಾಷಣ ಪೂರ್ತಿ ಹೋಗಲಿ.

ಓದಲು ಏನಾದರೂ ಹೇಳಿ ಎಂದು ಕೇಳಿದ್ದೀರಿ. ಬೆಲ್ ಎಂಬ ಅರಣ್ಯಾಧಿಕಾರಿ ನಮ್ಮ ಪಕ್ಕದ ಕಾರವಾರದಲ್ಲಿ ನೆಲೆಸಿ ಗಿಡುಗ ಪತಂಗಗಳ ಹುಳಗಳನ್ನು ಸಾಕಿ ಸಾಕಿ ನೋಡಿದವರು. 1937ರಲ್ಲಿ ಸ್ಕಾಟ್ ಜೊತೆ ಅವರು ಬರೆದ ಸಂಪುಟ ಭಾರತದ ಗಿಡುಗ ಪತಂಗಗಳಿಗೆ ಇವತ್ತಿಗೂ ಆಧಾರ. ಇಂಗ್ಲಿಷಿನಲ್ಲಿದೆ, ನಿಧಾನ ಓದಿ. ಯಾವ ಹುಳ ಯಾವ ಗಿಡ ತಿನ್ನುತ್ತದೆ, ಹೇಗೆ ಕೂರುತ್ತದೆ ಎಂದು ಎಷ್ಟು ತಾಳ್ಮೆಯಿಂದ ಬರೆದಿದ್ದಾರೆ ಗಮನಿಸಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಬಂದಾಗ ಕೀಟಶಾಸ್ತ್ರ ವಿಭಾಗಕ್ಕೂ ಹೋಗಿ, ನಿಮ್ಮ ಫೋಟೋ ತೋರಿಸಿ. ನನ್ನ ಮಾತಿಗಿಂತ ಅವರ ಮಾತು ಗಟ್ಟಿ.

ಐದು ಪುಟಕ್ಕೆ ಇಳಿಸಿ, ಎಳ್ಳಿನ ಗಿಡದಿಂದ ಶುರು ಮಾಡಿ ಮತ್ತೆ ಕಳಿಸಿ. ಹೆಸರನ್ನು ಆಮೇಲೆ ನೋಡೋಣ, ‘ಮೃತ್ಯುದೂತ’ ಮಾತ್ರ ಬೇಡ. ದಸರೆಯ ಒಳಗೆ ಬಂದರೆ ನಾನೇ ಕೂತು ನೋಡುತ್ತೇನೆ. ಬರೆಯುವ ಮುಂಚೆ ಒಂದು ಸಲ ಅವ್ವ, ಅಜ್ಜಿ ಇಬ್ಬರನ್ನೂ ಕೂರಿಸಿಕೊಂಡು ಕೇಳಿ. ಪತಂಗ ಬಲ್ಬಿಗೆ ಸುತ್ತು ಹಾಕುತ್ತಿತ್ತು, ಎಲ್ಲರೂ ಗೋಡೆಗೆ ಒತ್ತಿ ನಿಂತಿದ್ದೆವು, ಆಮೇಲೆ ಕತ್ತಲಾಯಿತು, ಬೆಳಿಗ್ಗೆ ಅದು ಇರಲಿಲ್ಲ ಎಂದಿದ್ದೀರಿ. ಬಲ್ಬು ಆರಿಸಿದವರು ಯಾರು?

ಪ್ರೀತಿಯಿಂದ,
ಅಕ್ಕ