ಹೊರಗೆ ಜಗಳ, ಟವೆಲ್ ಕೆಳಗೆ ವ್ಯಾಪಾರ: ಇದು ನಾಟಕವಾ?

ನೀವು ಕೇಳಿದ್ದು: ಸುಂಕದ ವಿಷಯದಲ್ಲಿ ದೇಶಗಳು ಹೊರಗೆ ಅಷ್ಟು ಗುಡುಗುತ್ತವೆ, ಒಳಗೆ ರಾಜಿ ಮಾಡಿಕೊಳ್ಳುತ್ತವೆ. ಹಾಗಾದರೆ ಹೊರಗಿನ ಮಾತೆಲ್ಲ ನಾಟಕವಾ?

ನನಗೆ ಹಾಗೆ ಅನಿಸುವುದಿಲ್ಲ. ನಾನು ಗದಗಿನವನು. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಆದರೆ ಇದು ನನಗೆ ಅರ್ಥವಾದದ್ದು ಚಿಕ್ಕವನಿದ್ದಾಗ, ಹಾವೇರಿ ದನದ ಸಂತೆಯಲ್ಲಿ.

ಅಪ್ಪ ಎತ್ತು ಮಾರಲು ಹೋಗಿದ್ದರು. ಕೊಳ್ಳುವವನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದ. "ಇದಕ್ಕ ಇಷ್ಟ ರೊಕ್ಕ ಯಾರ ಕೊಡ್ತಾರ?" ಅಂತ ನಾಲ್ಕು ಜನಕ್ಕೆ ಕೇಳುವ ಹಾಗೆ ಕೂಗಿದ. ಅಪ್ಪ ಹಗ್ಗ ಜಗ್ಗಿ, "ಬ್ಯಾಡ ಬಿಡು, ಮನಿಗೆ ಹೊಡಕೊಂಡ ಹೋಗ್ತೀನಿ" ಅಂದರು. ಆಗ ದಲಾಲ ಹೆಗಲ ಮೇಲಿನ ಟವೆಲ್ ತೆಗೆದು ಅಪ್ಪನ ಕೈ ಮೇಲೆ ಹಾಕಿದ. ಅದರ ಕೆಳಗೆ ಬೆರಳು ಹಿಡಿದ. ಒಂದು ಬೆರಳಿಗೆ ಒಂದು ಲೆಕ್ಕ, ಬಾಯಲ್ಲಿ ಮಾತಿಲ್ಲ. ಅಪ್ಪ ತಲೆ ಆಡಿಸಿ ಬೇಡ ಅಂದರು. ದಲಾಲ ಆ ಕಡೆ ಹೋಗಿ ಅವನ ಬೆರಳು ಹಿಡಿದ, ಮತ್ತೆ ಈ ಕಡೆ ಬಂದ. ನಾಲ್ಕನೇ ಸಲಕ್ಕೆ ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ವ್ಯಾಪಾರ ಕುದುರಿತು.

ಅಪ್ಪ ಎಷ್ಟಕ್ಕೆ ಇಳಿದರು ಅಂತ ಸಂತೆಗೆಲ್ಲ ಗೊತ್ತಾಗಿದ್ದರೆ, ಪಕ್ಕದಲ್ಲಿ ನಿಂತವನ ಎತ್ತಿನ ದರವೂ ಬೀಳುತ್ತಿತ್ತು. ಊರಲ್ಲಿ ಮುಖ ತೋರಿಸೋದೂ ಕಷ್ಟ ಆಗುತ್ತಿತ್ತು. ಟವೆಲ್ ಇದ್ದದ್ದಕ್ಕೇ ಇಬ್ಬರಿಗೂ ಬಗ್ಗಲು ಆಯಿತು. ಮನೆಗೆ ಹೊಡೆದುಕೊಂಡು ಹೋಗ್ತೀನಿ ಅಂದದ್ದೂ ಸುಳ್ಳಲ್ಲ, ಅಲ್ವಾ? ಅಪ್ಪ ಅದಕ್ಕೂ ತಯಾರಿದ್ದರು. ಅದನ್ನು ನಂಬಿದ್ದಕ್ಕೇ ಎದುರಿನವನು ಬೆರಳು ಏರಿಸಿದ.

ದೇಶಗಳದ್ದೂ ಇದೇ ದಾರಿ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟರೆ ನೇರ ವಿಚಾರಣೆಗೆ ಹೋಗುವಂತಿಲ್ಲ. ಮೊದಲು ಎರಡೂ ಕಡೆ ಕೂತು ಮಾತಾಡಬೇಕು, ಸಾಮಾನ್ಯವಾಗಿ 60 ದಿನ. ಆ ಮಾತುಕತೆ ಗುಟ್ಟಾಗಿರಬೇಕು ಅಂತ ನಿಯಮದಲ್ಲೇ ಬರೆದಿದೆ.

ನಮ್ಮ ಭಾಗಕ್ಕೆ ತಾಗಿದ ಒಂದು ಜಗಳ ನೋಡಿ. 2018ರಲ್ಲಿ ಅಮೆರಿಕ ಉಕ್ಕಿಗೆ ಶೇ. 25, ಅಲ್ಯೂಮಿನಿಯಂಗೆ ಶೇ. 10 ಸುಂಕ ಹಾಕಿತು. 2019ರ ಜೂನ್‌ನಲ್ಲಿ ಭಾರತ ಅಲ್ಲಿಂದ ಬರುವ 28 ಸರಕುಗಳಿಗೆ ಸುಂಕ ಏರಿಸಿತು. ಬಾದಾಮಿ, ಸೇಬು, ಅಕ್ರೋಟ್ ಜೊತೆ ಕಡಲೆಯೂ ಅದರಲ್ಲಿತ್ತು. ಸುದ್ದಿಯಲ್ಲಿ ಎಲ್ಲ ಕಡೆ ತಿರುಗೇಟಿನ ಮಾತು. ನಾಲ್ಕು ವರ್ಷ ಕಳೆದು, 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ಅಮೆರಿಕಕ್ಕೆ ಹೋದಾಗ ಈ ಸುಂಕದ ಜಗಳವೂ ಸೇರಿ, ಎರಡೂ ದೇಶ ವಿಶ್ವ ವ್ಯಾಪಾರ ಸಂಸ್ಥೆಗೆ ಒಯ್ದಿದ್ದ ಆರು ವ್ಯಾಜ್ಯ ಒಟ್ಟಿಗೇ ಮುಗಿದವು. ಏಳನೆಯದು ಸೆಪ್ಟೆಂಬರ್‌ನಲ್ಲಿ. ಅವರು ನಮ್ಮ ಉಕ್ಕಿಗೆ ಸ್ವಲ್ಪ ದಾರಿ ಬಿಟ್ಟರು, ನಾವು ಕಡಲೆ, ಬಾದಾಮಿ, ಸೇಬಿನ ಹೆಚ್ಚುವರಿ ಸುಂಕ ತೆಗೆದೆವು.

ಇಲ್ಲಿಯ ಎರೆ ಭೂಮಿಯಲ್ಲಿ ಹಿಂಗಾರಿಗೆ ಕಡಲೆಯೇ ಜೀವ. ಸುದ್ದಿ ಬಂದ ದಿನ ಅಂಗಡಿಗೆ ಬಂದ ರೈತರು ಕೇಳಿದ್ದು ಒಂದೇ: "ಇನ್ನ ಹೊರಗಿನ ಕಡ್ಲಿ ತಂದ ಸುರೀತಾರೇನ್ರಿ?" ಹೋದದ್ದು ಹೆಚ್ಚುವರಿ ಸುಂಕ ಮಾತ್ರ, ಮೂಲ ಸುಂಕ ಹಾಗೇ ಇದೆ ಅಂತ ನಾನು ಬಿಡಿಸಿ ಹೇಳಬೇಕಾಯಿತು. ಒಪ್ಪಂದ ಆದಮೇಲಾದರೂ ಅವರಿಗೆ ಇದನ್ನು ತಿಳಿಸುವವರು ಬೇರೆ ಯಾರೂ ಇರಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಗುಟ್ಟಾಗಿ ಮಾತಾಡಲಿ, ತಪ್ಪಿಲ್ಲ. ಆದರೆ ಸಂತೆಯಲ್ಲಿ ಟವೆಲ್ ಕೆಳಗೆ ಎತ್ತಿನ ಮಾಲೀಕನ ಕೈ ಇರುತ್ತದೆ. ದೊಡ್ಡ ಮಾತುಕತೆಗಳಲ್ಲಿ ಬೆಳೆದವನ ಕೈ ಅಲ್ಲಿರೋದಿಲ್ಲ. ಅವನ ಪರವಾಗಿ ಬೆರಳು ಹಿಡಿದವನು ಹೊರಗೆ ಬಂದು ಏನು ಕೊಟ್ಟೆ, ಏನು ತಂದೆ ಅಂತ ಲೆಕ್ಕ ಕೊಡಬೇಕು.

ಹಾಗೆ ಲೆಕ್ಕ ಕೊಡದಿದ್ದರೆ ಏನಾಗುತ್ತದೆ ಅಂತ ಒಂದು ಸಲ ಕಣ್ಣಾರೆ ಕಂಡಿದ್ದೇನೆ. ನಾನು ಮೊದಲು ಕೆಲಸಕ್ಕಿದ್ದ ಕಡೆ ಕೂಲಿ ಏರಿಸಿ ಅಂತ ಮೂರು ದಿನ ಕೆಲಸ ನಿಂತಿತು. ಚೀಲ ಹೊರುವ ಹಮಾಲರು, ಕಾಳು ಹಸನು ಮಾಡುವ ಹೆಂಗಸರು, ಎಲ್ಲರೂ ಬಿಸಿಲಲ್ಲಿ ಕೂತಿದ್ದರು. ಕೂಗಿದ್ದು ಎಲ್ಲರ ಕೂಲಿಗಾಗಿ. ಮೂರನೇ ರಾತ್ರಿ ಮಾಲೀಕರೂ ಕೂಲಿಯವರ ಮುಂದಾಳುಗಳೂ ಒಳಗೆ ಚಹಾ ಕುಡಿದು ಮಾತು ಮುಗಿಸಿದರು. ಹಮಾಲರಿಗೆ ಚೀಲ ಹೊರುವ ದರ ಏರಿತು.

ಶನಿವಾರ ಬಟವಾಡೆ. ಹಸನು ಮಾಡುವ ಒಬ್ಬಾಕೆ ನನ್ನ ಮೇಜಿನ ಮುಂದೆ ನಿಂತು ನೋಟು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಹಳೇ ದರವೇ. "ಅಣ್ಣಾ, ಒಳಗ ನಮ್ಮ ಮಾತ ತಗದ್ರ್ಯಾ?" ಅಂದಳು.

ತೆಗೆದಿರಲಿಲ್ಲ.